ಅಕ್ಕ ನನ್ನ ಜೊತೆಗಿದ್ದಾಳೆ

ಅಮ್ಮ,

ಉಗ್ರಾಣದ ಬಾಗಿಲು ತೆರೆದಿರೋದು ನೋಡಿ ಗಾಬರಿಯಾಗಬೇಡ. ಚಿಲಕ ತೆಗೆದವಳು ನಾನೇ. ನೀನು ಮಾರ್ಕೆಟ್ಟಿಗೆ ಹೊರಟ ಮೇಲೆ ಅಕ್ಕ ಒಳಗಿನಿಂದ ಬಾಗಿಲಿಗೆ ಹಣೆ ಚಚ್ಚಿಕೊಳ್ಳೋಕೆ ಶುರು ಮಾಡಿದಳು. ಕತ್ತಲೆ ಅವಳಿಗಾಗಲ್ಲ ಅಂತ ನಿನಗೂ ಗೊತ್ತಲ್ಲಮ್ಮ. ಹಣೆ ಊದಿದೆ, ಅರಿಸಿನ ಹಚ್ಚಿದ್ದೀನಿ. ಕುಕ್ಕರಹಳ್ಳಿ ಕೆರೆಗೆ ಕರಕೊಂಡು ಹೋಗ್ತಿದ್ದೀನಿ. ನೀರು ನೋಡ್ತಾ ಕೂತರೆ ಸಮಾಧಾನವಾಗ್ತಾಳೆ.

ಗಂಡಿನವರ ಜಟಕಾ ಬರೋದರೊಳಗೆ ಬಂದುಬಿಡ್ತೀವಿ. ತಡವಾದರೆ ಕಾಫಿ ಕೊಟ್ಟು ಕೂರಿಸಿರು. ಕೇಸರಿಬಾತು ಮುಚ್ಚಿಟ್ಟಿದ್ದೀನಿ, ಬೋಂಡ ಮಾತ್ರ ನೀನೇ ಕರೀಬೇಕು. ಅಪ್ಪನಿಗೆ ನೀನೇ ಮೆತ್ತಗೆ ಹೇಳು. ಅವರ ಕೋಪದ ಮುಂದೆ ನಿಂತು ಹೇಳೋ ಧೈರ್ಯ ನನಗಿಲ್ಲ.

"ಒಬ್ಬಳೇ ಮಗಳು ಅಂತ ಹೇಳಿದ್ದೀವಿ, ಬಾಯಿ ಬಿಡಬೇಡ" ಅಂದೆಯಲ್ಲ, ಅದು ನನ್ನ ಕೈಲಾಗಲ್ಲ. ಹುಟ್ಟಿದಾಗಿನಿಂದ ಅವಳ ಪಕ್ಕದಲ್ಲೇ ಮಲಗಿ ಬೆಳೆದವಳು, ನನಗೆ ಅಕ್ಕನೇ ಇಲ್ಲ ಅಂತ ಹೇಗೆ ಹೇಳಲಿ? ಬಂದವರ ಮುಂದೆ ಅವಳು ಕಿವಿ ಮುಚ್ಚಿಕೊಂಡು ತೂಗಾಡೋಕೆ ಶುರು ಮಾಡಿದರೆ ಏನು ಗತಿಯೋ ಅಂತ ನನಗೂ ಭಯ ಕಣಮ್ಮ. ಎದ್ದು ಹೋಗೋರು ಈಗಲೇ ಹೋಗಲಿ.

ನಿನ್ನ ಹಸಿರು ಸೀರೆ ಅವಳಿಗೆ ಉಡಿಸಿದ್ದೀನಿ, ಬಯ್ಯಬೇಡ. ಜಮಖಾನದ ಮೇಲೆ ನನ್ನ ಪಕ್ಕದಲ್ಲಿ ಅವಳಿಗೂ ಜಾಗ ಬಿಡು.

ವೇದಾ