ಗಂಟೆಗೆ ಸುತ್ತಿದ ಹಾಳೆ

ತಮ್ಮಾ,

ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ. ನೀನು ಪಕ್ಕದ ಕೋಣೆಯಲ್ಲಿ ಚೀನೀ ಅಕ್ಷರ ತಿದ್ದುತ್ತಿದ್ದಾಗ ನೀರಿಗಾಗಿ ಗಂಟೆ ಅಲ್ಲಾಡಿಸಿ ಸಾಕಾಗಿ, ತಾನೇ ಹಾಸಿಗೆಯಿಂದ ಎದ್ದು ಬಿದ್ದಿದ್ದಾಳೆ. ನೀನು ಇತ್ತ ಇಣುಕಿಯೂ ನೋಡದೆ ಶಾಯಿ ತರಲು ಹೋದೆ.

ಗಂಟೆಯ ನಾಲಿಗೆಗೆ ನೀನು ಸುತ್ತಿದ್ದ ಅಭ್ಯಾಸದ ಹಾಳೆಯನ್ನು ಬಿಚ್ಚಿದೆ. "ನನ್ನ ಕೈಯಲ್ಲೇ ಬಲವಿಲ್ಲ ಕಣೇ, ಅವನನ್ನ ಬೈಬೇಡ" ಅಂತಾಳೆ ಅಮ್ಮ.

ಚೀನೀ ಭಾಷೆಯನ್ನು ಗುರುವಿಲ್ಲದೆ ಕಲಿತೆನೆಂದು ಬೀಗುತ್ತೀಯಲ್ಲ, ಪದ್ಯ ಹೇಳಿ ಹೇಳಿ ನಿನಗೆ ಮಾತು ಕಲಿಸಿದವಳು ಯಾರೋ?

ಚೆಲ್ಲಿದ ನೀರು ಒರೆಸು. ಅವಳ ಕನ್ನಡಕ, ಶಾಲು ತಾ. ಗಂಟೆಯನ್ನೂ ಹಾಳೆಯನ್ನೂ ಮೇಜಿನ ಮೇಲಿಟ್ಟಿದ್ದೇನೆ, ಅವನ್ನೂ ತಾ. ಅವಳೆದುರು ಮತ್ತೆ ಸುತ್ತಿ, ಅಲ್ಲಾಡಿಸಿ ತೋರಿಸು. ದೇವರಾಣೆ, ನಾನು ಹೇಳುವುದಿಲ್ಲ. ನಿನ್ನ ಬಾಯಿಂದಲೇ ಕೇಳಲಿ.

ಅಕ್ಕ