ಈ ವರ್ಷದ ಮಾಳಿಗೆ ಮಣ್ಣು

॥ ಶ್ರೀ ಗುರುಬಸವಲಿಂಗಾಯ ನಮಃ ॥

ಹಳೇಪೇಟೆ, ದಾವಣಗೆರೆ
16-5-1958, ಶುಕ್ರವಾರ

ಚಿ. ಸೌ. ಉಮಾಮಹೇಶ್ವರಿಗೆ ಮರುಳಸಿದ್ದಮ್ಮನ ತುಂಬು ಮನಸ್ಸಿನ ಆಶೀರ್ವಾದ.

ನಿನ್ನ ಹೆಸರಿನ ಹಿಂದೆ ‘ಸೌ’ ಎಂದು ಬರೆದು, ಲೇಖನಿ ಕೆಳಗಿಟ್ಟೆ. ಕರಿಬಸವ ತೀರಿಕೊಂಡಾಗ ಆ ಅಕ್ಷರ ನಿನ್ನ ಹೆಸರಿನಿಂದ ಉದುರಿಹೋಗಿತ್ತು. ನನ್ನ ಮಗನ ಜೊತೆ ಹೋದದ್ದು ಇನ್ನೊಬ್ಬ ತಾಯಿಯ ಮಗನಿಂದ ತಿರುಗಿ ಬಂದಿದೆ. ಬಂದದ್ದು ಗಟ್ಟಿಯಾಗಿ ಉಳಿಯಲಿ. ಶಿವಯೋಗಪ್ಪನವರಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ತಪ್ಪಿತೆಂದು ಓದಿ ಸಮಾಧಾನವಾಯಿತು. ಹೊಳೆಯ ಗಾಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ಮೆಣಸು ಕುಟ್ಟಿ ಜೇನುತುಪ್ಪದಲ್ಲಿ ಕಲಸಿ ತಿನ್ನುವುದನ್ನು ಬಿಡಬೇಡ.

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಕಾಗದ ಬಸವ ಜಯಂತಿಗೆ ಮುಂಚೆಯೇ ಬಂದಿತ್ತು. ಹರಿಹರ ಏನು ಸಮುದ್ರದಾಚೆ ಇದೆಯೇ? ರೈಲು ಹತ್ತಿ ಎಲೆ ಅಡಿಕೆ ಮೆಲ್ಲುವಷ್ಟರಲ್ಲಿ ಬರುವ ಊರು. ಆದರೂ ಈ ನಾಲ್ಕು ಸಾಲು ನಿನಗೆ ಮುಟ್ಟಿಸಲು ನನಗೆ ಇಷ್ಟು ದಿನ ಬೇಕಾಯಿತು. ಕೈಯೆಲ್ಲ ಮಣ್ಣಾಗಿತ್ತು, ಅದೊಂದು ಕಾರಣ. ನಿನ್ನ ಮಗಳು ಶಕ್ಕುವನ್ನು ನಿನ್ನ ಹತ್ತಿರ ಕಳಿಸಿಕೊಡಿ ಎಂದು ನೀನು ಕೇಳಿದ್ದೆಯಲ್ಲ, ಅದು ನಾನೊಬ್ಬಳೇ ಹೂಂ ಅನ್ನುವ ಮಾತಾಗಿರಲಿಲ್ಲ. ಅದು ಇನ್ನೊಂದು ಕಾರಣ.

ಮಣ್ಣಿನ ಸುದ್ದಿ ಮೊದಲು ಹೇಳುತ್ತೇನೆ. ನೀನು ಮದುವೆಯಾಗಿ ಬಂದ ವರ್ಷ ‘ಮನೆ ಮೇಲೆ ಯಾಕೆ ಮಣ್ಣು ಸುರೀತಾರೆ ಅತ್ತೆ?’ ಎಂದು ಕೇಳಿದ್ದೆ, ನೆನಪಿದೆಯೇ? ನಿಮ್ಮ ಹೊನ್ನಾಳಿ ಕಡೆ ಎಲ್ಲಾ ಹೆಂಚಿನ ಮನೆ. ನಮ್ಮ ಓಣಿಯ ಮಣ್ಣಿನ ಮಾಳಿಗೆಗಳನ್ನು ನೋಡಿ ನಿನಗೆ ನಗು. ಬೇಸಿಗೆಯಲ್ಲಿ ಬಿರಿದ ಹಳೇ ಮಣ್ಣು ಕೆರೆದು, ಬೇರು ಕಿತ್ತು, ನೀರು ಇಳಿಯಗೊಡದ ಹೊಸ ಕರಲು ಮಣ್ಣು ಹಾಸಿ ಬಡಿಯದಿದ್ದರೆ ಮಳೆಗಾಲದಲ್ಲಿ ಒಲೆಯ ಮೇಲೂ ಸೋರುತ್ತದೆ ಎಂದು ತಿಳಿದ ಮೇಲೆ ನೀನೇ ಎಲ್ಲರಿಗಿಂತ ಮುಂದೆ ಪುಟ್ಟಿ ಹೊರುತ್ತಿದ್ದೆ. ಓಣಿಯವರೆಲ್ಲ ಸೇರಿ ಇವತ್ತು ಇವರ ಮನೆ, ನಾಳೆ ಅವರ ಮನೆ ಎಂದು ಮುಗಿಸುವುದು, ಕೆಲಸ ಆದ ಮನೆಯವರು ಮಂಡಕ್ಕಿ, ಮೆಣಸಿನಕಾಯಿ ಕೊಡುವುದು. ಆ ಗಲಾಟೆಯಲ್ಲಿ ನೀನು ನಗುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ.

ಈ ಸಲ ನಮ್ಮ ಮನೆಗೆ ಯಾರೂ ಬರಲಿಲ್ಲ.

ಗಾಡಿಯ ಬಡೇಸಾಬ್ ಎಲ್ಲರಿಗೂ ತಂದಂತೆ ನಮಗೂ ಮಣ್ಣು ತಂದು ಬಾಗಿಲ ಮುಂದೆ ಸುರಿದುಹೋಗಿದ್ದ. ಆಚೆ ಮನೆ ಆಯಿತು, ಈಚೆ ಮನೆ ಆಯಿತು, ನಮ್ಮದನ್ನು ಬಿಟ್ಟು ಮುಂದಿನದೂ ಆಯಿತು. ಗುಡ್ಡೆ ಹಾಗೇ ಬಿದ್ದಿತ್ತು, ಓಣಿಯ ಮಕ್ಕಳು ಹತ್ತಿ ಇಳಿದು ಆಡುತ್ತಿದ್ದರು. ನಿನ್ನ ಮಾವನವರು (ಬೇರೆ ಏನೆಂದು ಬರೆಯಲಿ, ನನ್ನ ಬಾಯಲ್ಲಿ ಅದೇ ಬರುತ್ತದೆ) ಮಂಡಿಗೆ ಹೋಗುವಾಗ ಅದನ್ನು ಬಳಸಿಕೊಂಡು ಹೋಗುವರು, ಬರುವಾಗ ಬಳಸಿಕೊಂಡು ಬರುವರು. ಅವರ ಸ್ವಭಾವ ನಿನಗೆ ಗೊತ್ತು, ಯಾರನ್ನೂ ಕರೆಯುವವರಲ್ಲ.

ನಾನೇ ಪಕ್ಕದ ಶಿವಮೂರ್ತಪ್ಪನವರ ಮನೆಗೆ ಹೋದೆ. ಓಣಿಯಲ್ಲಿ ಹಿರಿಯರು, ನಮ್ಮ ಅವರ ಗೋಡೆ ಒಂದೇ, ಮಾಳಿಗೆಯೂ ಒಂದಕ್ಕೊಂದು ಅಂಟಿದ್ದು. ಕೂಡ್ರಿ ಅಂದರು, ನೀರು ಕೊಟ್ಟರು. ಆಮೇಲೆ ನೆಲ ನೋಡುತ್ತಾ ಹೇಳಿದರು: ‘ನಮಗೇನು ಹಗೆ ಇಲ್ರಿ ಅಕ್ಕಾರ. ನಮ್ಮ ಮನೆತನಗಳಾಗ ಗಂಡ ಸತ್ತಾಕಿಗೆ ಉಡಿಕೆ ಮಾಡೋ ಪದ್ಧತಿ ಇರ್ಲಿಲ್ಲ. ನೀವು ಸೊಸೀಗೆ ಉಡಿಕೆ ಮಾಡಿಸಿ ಮತ್ತೊಬ್ರ ಮನಿಗೆ ಕಳಿಸಿದ್ರಿ. ನಾಳೆ ನಮ್ಮ ಹೆಣ್ಮಕ್ಳು ನಮಗೂ ಮಾಡ್ರಿ ಅಂತ ಕೇಳಿದ್ರ ಏನು ಹೇಳೋಣ?’

‘ಕೇಳಿದ್ರ ಕೇಳಿಸಿಕೊಳ್ರಿ’ ಅಂದೆ. ಎದ್ದು ಬಂದೆ.

ಒಳಗೆ ಬಾಗಿಲ ಮರೆಯಲ್ಲಿ ಅವರ ಅಕ್ಕ ಗುರುಶಾಂತಮ್ಮ ನಿಂತಿದ್ದಳು. ಹೋದ ಶ್ರಾವಣದಲ್ಲಿ ನೀನು ಈ ಮನೆಯಿಂದ ಹೊರಡುವ ದಿನ ಎಲ್ಲರಿಗಿಂತ ಹೆಚ್ಚು ಕೂಗಾಡಿದವಳು ಅವಳೇ. ನಿನ್ನ ಮುಖ ನೋಡಬಾರದೆಂದು ಬಾಗಿಲು ಹಾಕಿಕೊಂಡಿದ್ದಳು. ಈ ಸಲವೂ ಏನಾದರೂ ಅಂದಾಳು ಎಂದುಕೊಂಡೆ. ಅನ್ನಲಿಲ್ಲ.

ಮಾರನೆಯ ದಿನ ನಿನ್ನ ಮಾವನವರು ಮಂಡಿಗೆ ಹೋದ ಮೇಲೆ ಸೀರೆ ಎತ್ತಿ ಕಟ್ಟಿ ಏಣಿ ಹಾಕಿದೆ. ಅರ್ಧ ಪುಟ್ಟಿ ಮಣ್ಣು ಹೊತ್ತು ಎರಡು ಸಲ ಹತ್ತಿ ಇಳಿದೆ, ಮೂರನೆಯ ಸಲ ಏಣಿಯ ನಡುವೆ ನಿಂತು ಸುಧಾರಿಸಿಕೊಂಡೆ. ಅಷ್ಟರಲ್ಲಿ ಬಡೇಸಾಬ್ ಗಾಡಿ ಹೊಡೆದುಕೊಂಡು ಓಣಿಗೆ ಬಂದ. ಜೊತೆಗೆ ಹೆಂಡತಿ ಖೈರುನ್ನೀಸಾ ಇದ್ದಳು. ಎತ್ತು ನಿಲ್ಲಿಸಿ, ‘ಅಮ್ಮಾರೆ, ಇಳೀರಿ ಕೆಳಗ. ಬಿದ್ರ ಯಾರು ಹಿಡೀಬೇಕು ನಿಮ್ಮನ್ನ?’ ಎಂದು ಗದರಿದ.

‘ಮಳೆ ಹಿಡೀಬೇಕಲ್ಲ ಬಡೇಸಾಬ್’ ಅಂದೆ.

ಖೈರುನ್ನೀಸಾ ಗಾಡಿಯಿಂದ ಇಳಿದು ಬಂದಳು. ನನ್ನ ಕೈಯಿಂದ ಪುಟ್ಟಿ ಇಸಿದುಕೊಂಡಳು. ಅವಳು ತುಂಬಿ ಕೊಡುವುದು, ಅವನು ಹೊತ್ತು ಹತ್ತುವುದು, ನಾನು ಮೇಲೆ ಕೂತು ಹರವುವುದು. ಶಕ್ಕು ಪಡಸಾಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿ ನಿದ್ದೆ ಹೋಗಿದ್ದಳು.

ಮಧ್ಯಾಹ್ನ ಅವರು ಊಟಕ್ಕೆ ಬಂದರು. ಏಣಿ ನೋಡಿದರು, ಮೇಲೆ ನನ್ನನ್ನು ನೋಡಿದರು. ಈಗ ಬೈಯುತ್ತಾರೆ ಎಂದುಕೊಂಡೆ. ಆಚೆ ಶಿವಮೂರ್ತಪ್ಪನವರ ಮುಚ್ಚಿದ ಬಾಗಿಲ ಕಡೆಗೊಮ್ಮೆ ತಿರುಗಿ ನೋಡಿ, ರುಮಾಲು ತೆಗೆದರು. ಕೋಟು ತೆಗೆದು ಜಗಲಿಯ ಮೇಲಿಟ್ಟರು. ‘ದಿಮ್ಮಸು ಎಲ್ಲೈತೆ?’ ಅಂದರು.

ಉಮಾ, ಈ ಮನೆಯಲ್ಲಿ ಅವರು ಮಣ್ಣು ಬಡಿಯಲು ದಿಮ್ಮಸು ಹಿಡಿದದ್ದನ್ನು ನಾನು ಕಂಡಿರಲಿಲ್ಲ. ಮೊದಲು ಆಳುಗಳು ಇದ್ದರು, ಆಮೇಲೆ ಕರಿಬಸವ ಇದ್ದ. ಅವರು ಬಡಿಯುವುದೂ ಒಂದೇ ಸಮನಾಗಿ ಬರುತ್ತಿರಲಿಲ್ಲ, ಒಂದು ಜೋರು, ಒಂದು ಮೆತ್ತಗೆ. ಪಡಸಾಲೆಗೆ ಬೆಳಕು ಬಿಡುವ ಗವಾಕ್ಷಿಯ ಹತ್ತಿರ ಬಂದಾಗ ನಿಂತುಬಿಟ್ಟರು. ಬಗ್ಗಿ ಒಳಗೆ ನೋಡಿದರು. ಕೆಳಗೆ ಕೂಸು ಬೆಳಕಿನಲ್ಲಿ ಮಲಗಿತ್ತು, ಅವಳಪ್ಪನ ಹಾಗೆಯೇ ಒಂದು ಕೈ ತಲೆಯ ಮೇಲಿಟ್ಟುಕೊಂಡು. ‘ಕರಿಬಸವ ಇದ್ದಿದ್ರ ನನಗ ಈ ಕೆಲಸ ಬರ್ತಿರ್ಲಿಲ್ಲ’ ಅಂದರು. ಮಗನ ಹೆಸರನ್ನು ಅವರ ಬಾಯಿಂದ ಕೇಳದೆ ಎರಡು ವರ್ಷವಾಗಿತ್ತು. ನಾನು ತಲೆ ಎತ್ತಲಿಲ್ಲ. ಮಣ್ಣು ಹರವುತ್ತಲೇ ಇದ್ದೆ.

ಸಂಜೆಗೆ ಅರ್ಧ ಮಾಳಿಗೆ ಆಯಿತು. ಮರುದಿನ ಬೆಳಿಗ್ಗೆ ನಾವು ಮತ್ತೆ ಮೇಲಿದ್ದಾಗ, ಆಚೆ ಮಾಳಿಗೆಯಿಂದ ಯಾರೋ ನಡೆದು ಬರುವ ಸಪ್ಪಳವಾಯಿತು. ನೋಡಿದರೆ ಗುರುಶಾಂತಮ್ಮ. ಕಂಕುಳಲ್ಲಿ ಒಂದು ಪುಟ್ಟಿ. ಎರಡೂ ಮಾಳಿಗೆ ಕೂಡುವ ಕಡೆ ಗೋಡೆಯ ಮೇಲೆ ಸಂದಿ ಬಿಟ್ಟಿತ್ತು, ಅಲ್ಲಿ ಕೂತು ಕೈಯಿಂದಲೇ ಮಣ್ಣು ತುಂಬತೊಡಗಿದಳು. ಕೆಳಗಿನಿಂದ ಅವಳ ತಮ್ಮ, ‘ಅಕ್ಕಾ, ಇಳದು ಬಾ’ ಎಂದು ಕೂಗಿದರು. ‘ನೀ ಕಚೇರಿ ಮಾಡ್ಕೋತ ಕೂಡ್ರು. ಇಲ್ಲಿ ಸೋರಿದ್ರ ನನ್ನ ಹಾಸಿಗಿ ಮ್ಯಾಲೆ ಸೋರ್ತೈತೆ’ ಅಂದಳು.

ನಾನೂ ಹೋಗಿ ಪಕ್ಕದಲ್ಲಿ ಕೂತೆ. ಇಬ್ಬರೂ ಸಂದಿಗೆ ಮಣ್ಣು ತುಂಬಿದೆವು. ಆಮೇಲೆ ಅವಳೇ ಕೇಳಿದಳು.

‘ಹುಡುಗಿ ಹೆಂಗದಾಳೆ ಹರಿಹರದಾಗ?’

‘ಚೆಂದಾಗಿ ಅದಾಳೆ.’

‘ಅವ ಹೊಡೀತಾನೇನು?’

‘ಇಲ್ಲ. ಒಳ್ಳೇ ಮನುಷ್ಯ.’

ಕೈಯ ಮಣ್ಣು ಉಜ್ಜಿಕೊಳ್ಳುತ್ತಾ ಹೇಳಿದಳು: ‘ನಾನು ಗಂಡನ್ನ ಕಳಕೊಂಡಾಗ ಹದಿನಾರು ತುಂಬಿರ್ಲಿಲ್ಲ ಸಿದ್ದಮ್ಮ. ಆತನ ಮುಖ ಸುದ್ದಾ ನನಗ ಸರಿಯಾಗಿ ನೆನಪಿಲ್ಲ. ತಮ್ಮನ ಮನಿಯಾಗ ರೊಟ್ಟಿ ಬಡೀತಾ ಕೂದಲು ಬೆಳ್ಳಗಾತು. ನನ್ನ ಯಾರೂ ಒಂದು ಮಾತು ಕೇಳ್ಲಿಲ್ಲ. ಆವತ್ತು ನಿನ್ನ ಸೊಸಿ ಹಸಿರು ಬಳಿ ಇಟ್ಕೊಂಡು ಹೊಸಲು ದಾಟಿದ್ಲಲ್ಲ, ನನಗ ಆಕಿ ಮ್ಯಾಲೆ ಸಿಟ್ಟು ಬರ್ಲಿಲ್ಲ. ನಮ್ಮತ್ತಿ ಯಾಕ ನಿನ್ನಂಗ ಇರ್ಲಿಲ್ಲ ಅಂತ ಸಿಟ್ಟು ಬಂತು. ಬಾಗ್ಲು ಹಾಕ್ಕೊಂಡು ಅತ್ತೆ.’

ಅವಳ ಬೆನ್ನ ಮೇಲೆ ಕೈ ಇಟ್ಟೆ, ಮಣ್ಣಿನ ಕೈಯನ್ನೇ. ಇದನ್ನು ನಿನಗೆ ತಿಳಿಸಲೇಬೇಕೆಂದು ಬರೆದೆ. ಅವಳು ಆಡಿದ ಮಾತುಗಳನ್ನು ನೀನು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಬಿಟ್ಟುಬಿಡು.

ಓಣಿಯ ಉಳಿದವರು ಬರಲಿಲ್ಲ. ಶಿವಮೂರ್ತಪ್ಪನವರು ಈಗಲೂ ಎದುರು ಸಿಕ್ಕರೆ ಬೇರೆ ಕಡೆ ನೋಡುತ್ತಾರೆ. ಅವರ ಮಗ ಕೆ.ಬಿ. ಬಡಾವಣೆಯಲ್ಲಿ ತಾರಸಿ ಮನೆ ಕಟ್ಟಿಸುತ್ತಿದ್ದಾನೆ, ಅಲ್ಲಿಗೆ ಹೋಗುತ್ತಾರಂತೆ. ತಾರಸಿಗೆ ಮಣ್ಣೂ ಬೇಡ, ಮಂದಿಯೂ ಬೇಡ. ಗುರುಶಾಂತಮ್ಮ ಮಾತ್ರ ನಾನು ಇಲ್ಲಿಂದ ಏಳುವುದಿಲ್ಲ ಎನ್ನುತ್ತಿದ್ದಾಳೆ. ನಮ್ಮ ಮಾಳಿಗೆಯನ್ನಂತೂ ಐದು ಜನ ಮುಗಿಸಿದೆವು. ಮಂಡಕ್ಕಿಯನ್ನೂ ಐದೇ ಜನ ತಿಂದೆವು.

ಮೊನ್ನೆ ಮಧ್ಯಾಹ್ನ ಕೃತ್ತಿಕೆ ಮಳೆ ಬಂತು. ಗಾಳಿ, ಗುಡುಗು, ಜೊತೆಗೆ ಆಲಿಕಲ್ಲು. ನಾವಿಬ್ಬರೂ ಪಡಸಾಲೆಯಲ್ಲಿ ತೊಲೆಗಳನ್ನೇ ನೋಡುತ್ತಾ ನಿಂತೆವು. ಮಾಳಿಗೆಯ ನೀರುದೋಣಿಯಿಂದ ನೀರು ಅಂಗಳಕ್ಕೆ ಧೋ ಎಂದು ಬೀಳುತ್ತಿತ್ತು, ಒಳಗೆ ಒಂದು ಹನಿ ಇಲ್ಲ. ಶಕ್ಕು ಗುಡುಗಿಗೆ ಹೆದರಿ ಅಜ್ಜನ ಕಾಲು ಅಪ್ಪಿಕೊಂಡಿದ್ದಳು. ಅವರು ಅವಳನ್ನು ಎತ್ತಿಕೊಂಡರು. ಆಗ ಕೇಳಿದರು, ‘ಉಮಾ ಏನಂತ ಬರದಾಳೆ?’

ನೀನು ಹೋದ ಮೇಲೆ ಅವರು ನಿನ್ನ ಹೆಸರು ಎತ್ತಿರಲಿಲ್ಲ. ಕಾಗದ ಬಂದದ್ದು ಅವರಿಗೆ ಗೊತ್ತಿದೆ ಎಂದೂ ನನಗೆ ತಿಳಿದಿರಲಿಲ್ಲ. ಹೇಳಿದೆ: ‘ಕೂಸಿನ್ನ ಕಳಿಸ್ರಿ ಅಂತ ಬರದಾಳೆ. ಶಿವಯೋಗಪ್ಪನೇ ಮೊದಲು ಅಂದನಂತೆ, ತಾಯಿ ಮಗಳು ದೂರ ಇರೋದು ಬ್ಯಾಡ, ನಮ್ಮನೆಯಾಗ ಬೆಳೀಲಿ ಅಂತ.’

ಮಳೆ ನಿಲ್ಲುವವರೆಗೂ ಅವರು ಕೂಸನ್ನು ಕೆಳಗಿಳಿಸಲಿಲ್ಲ. ಆಮೇಲೆ ‘ಮಳಿಗಾಲ ಮುಗೀಲಿ’ ಅಂದರು. ನಾನು ಆಗಲಿ ಅಂದೆ. ನಿಜ ಹೇಳಬೇಕೆಂದರೆ ನನ್ನ ಜೀವಕ್ಕೆ ತಂಪಾಯಿತು. ಇನ್ನು ನಾಲ್ಕು ತಿಂಗಳು ಎಂದು ಲೆಕ್ಕ ಹಾಕಿಕೊಂಡೆ. ಆದರೆ ಮರುದಿನ ಮಂಡಿಗೆ ಹೊರಟವರು ಬಾಗಿಲಿನಿಂದ ತಿರುಗಿ ಬಂದು ಹೇಳಿದರು: ‘ಬ್ಯಾಡ. ಈಗಲೇ ಕರ್ಕೊಂಡು ಹೋಗ್ಲಿ. ತಡ ಮಾಡಿದ್ರ ನನಗ ಕಳಿಸಾಕ ಆಗಲ್ಲ. ಮತ್ತೆ ಇನ್ನೊಂದು. ಉಡಿಕೆ ಆದಾಕಿ ಈ ಹೊಸಲು ತುಳೀಬಾರ್ದು ಅಂತ ನಾನೇ ಅಂದಿದ್ದೆ. ಅದನ್ನ ಮನಸ್ಸಿನಾಗ ಇಟ್ಕೋಬ್ಯಾಡ ಅಂತ ಬರಿ. ಹೊರಗ ನಿಂತು ಮಗಳನ್ನ ಇಸಗೊಂಡು ಹೋಗೋದು ಬ್ಯಾಡ. ಒಳಗ ಬಂದು, ಉಂಡು, ಕರ್ಕೊಂಡು ಹೋಗ್ಲಿ.’

ಆದ್ದರಿಂದ ಈ ಅಮಾವಾಸ್ಯೆ ಕಳೆದ ಗುರುವಾರ ಬಾ. ಶಿವಯೋಗಪ್ಪನವರನ್ನೂ ಕರೆದುಕೊಂಡು ಬಾ, ಬೀಗರ ಹಾಗಲ್ಲ, ಮನೆಯವರ ಹಾಗೆ ಬರಲಿ. ಹೋಳಿಗೆ ಮಾಡುತ್ತೇನೆ. ನಿಮ್ಮ ಮಾವ ಸ್ಟೇಷನ್ ತನಕ ತಾವೇ ಕೂಸನ್ನು ಎತ್ತಿಕೊಂಡು ಬರುತ್ತಾರಂತೆ. ನಾನು ಬರುವುದಿಲ್ಲ, ಬಾ ಎಂದು ಒತ್ತಾಯ ಮಾಡಬೇಡ.

ಶಕ್ಕುವಿಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡು, ಖಾರ ತಿನ್ನುವುದಿಲ್ಲ. ಮಲಗುವಾಗ ಪಕ್ಕದವರ ಕಿವಿ ಹಿಡಿದುಕೊಳ್ಳಬೇಕು, ಬಿಡಿಸಿದರೆ ಎದ್ದುಬಿಡುತ್ತಾಳೆ. ಎಮ್ಮೆಗೆ ಹೆದರುವುದಿಲ್ಲ, ಮೇಕೆಗೆ ಹೆದರುತ್ತಾಳೆ. ಹೊಳೆಯ ದಂಡೆಗೆ ಒಬ್ಬಳನ್ನೇ ಬಿಡಬೇಡ. ಅವಳಪ್ಪನ ಬಗ್ಗೆ ಕೇಳಿದರೆ ಶಿವಯೋಗಪ್ಪನವರನ್ನು ತೋರಿಸು. ನನಗೆ ನೋವಾಗುತ್ತದೆ ಎಂದುಕೊಳ್ಳಬೇಡ. ಅವಳು ದೊಡ್ಡವಳಾದ ಮೇಲೆ ಯಾವಾಗಲಾದರೂ ಒಮ್ಮೆ, ಕರಿಬಸವ ಎಂಬುವನೊಬ್ಬನಿದ್ದ ಎಂದು ಹೇಳಿದರೆ ಸಾಕು.

ನಿನ್ನ ಬಾಳು ಹಸಿರಾಗಿರಲಿ, ಮನೆಯಲ್ಲಿ ಹಾಲುಕ್ಕಲಿ, ಎರಡೂ ಮನೆಯ ದೇವರು ನಿನ್ನನ್ನು ಕಾಯಲಿ ಎಂದು ಹರಸುವ,

ನಿನ್ನ
ಮರುಳಸಿದ್ದಮ್ಮ

ತಾ.ಕ.: ಒಂದು ಮಾತು ಮೇಲೆ ಬರೆಯಲಾಗಲಿಲ್ಲ. ಬಂದ ಕೂಡಲೇ ಶಕ್ಕು ಓಡಿ ಬಂದು ತೆಕ್ಕೆಗೆ ಬೀಳುತ್ತಾಳೆಂದುಕೊಂಡು ಬರಬೇಡ. ನನ್ನ ಸೆರಗಿನ ಹಿಂದೆ ಹೋಗಿ ನಿಂತರೆ ಅವಳೆದುರು ಅಳಬೇಡ. ನೀನು ಹೋದ ಮೇಲೆ ದೀಪಾವಳಿಯವರೆಗೂ ಬಾಗಿಲಲ್ಲಿ ಕೂತು ನಿನ್ನನ್ನು ಕರೆಯುತ್ತಿದ್ದಳು. ಆಮೇಲೆ ಒಂದು ದಿನ ನನ್ನನ್ನೇ ‘ಅವ್ವ’ ಎಂದಳು. ಯಾರೂ ಕಲಿಸಿದ್ದಲ್ಲ. ಇದ್ದ ಒಬ್ಬ ಮಗ ಹೋದ ಮೇಲೆ ಆ ಹೆಸರಿನಿಂದ ನನ್ನನ್ನು ಕರೆಯುವವರು ಯಾರೂ ಇರಲಿಲ್ಲ ನೋಡು, ನಾನು ಓಗೊಟ್ಟುಬಿಟ್ಟೆ. ಈಗ ದಿನಾ ತಿದ್ದುತ್ತಿದ್ದೇನೆ. ‘ನಾನು ಅಜ್ಜಿ. ನಿಮ್ಮವ್ವ ಹರಿಹರದಾಗ ಅದಾಳೆ, ನಿನ್ನ ಕರ್ಕೊಂಡು ಹೋಗಾಕ ಬರ್ತಾಳೆ’ ಎನ್ನುತ್ತೇನೆ. ಅವಳು ಅವ್ವ ಎಂದರೆ ನಾನು ತಿರುಗಿ ನೋಡುವುದಿಲ್ಲ. ಸಿಟ್ಟು ಮಾಡಿದಳು, ಅತ್ತಳು, ನನ್ನ ಬೆನ್ನಿಗೆ ಗುದ್ದಿದಳು. ಇವತ್ತು ಬೆಳಿಗ್ಗೆ ನೀರೊಲೆಯ ಮುಂದೆ ಕೂತಿದ್ದೆ. ಹಿಂದಿನಿಂದ ಬಂದು ಮೆಲ್ಲಗೆ ‘ಅಜ್ಜೀ’ ಅಂದಳು.

ಓ ಅಂದೆ.