ಗುಬ್ಬಿಗೆ ಐದು ಸಲ ದಾಳ

ಮನೆಯಿಂದ,
ಸೋಮವಾರ, ಹನ್ನೊಂದನೇ ತಾರೀಖು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೇತುವೆ ಮೇಲೆ ಹತ್ತುವಾಗ ಸೊಂಟಕ್ಕೆ ಬೆಲ್ಟು ಹಾಕಿಕೊಳ್ಳುತ್ತೀಯ ತಾನೆ? ನನಗೆ ಕೆಟ್ಟ ಕನಸು ಬಿತ್ತು. ಹೊಲಿಗೆ ಅಂಗಡಿಯ ಮೆಟ್ಟಿಲನ್ನು ಬರಿಗಾಲಲ್ಲಿ ಇಳಿಯುತ್ತಿದ್ದೇನೆ, ಪ್ರತಿ ಮೆಟ್ಟಿಲಿಗೂ ಭಾವ ಎದುರು ನಿಂತು ದಾಳ ಹಾಕು ಅಂತಾರೆ. ನಗಬೇಡ, ಪೂರ್ತಿ ಓದು.

ನೀನು ಸೇತುವೆ ಕೆಲಸಕ್ಕೆ ಹೋದ ಮೇಲೆ, ಭಾನುವಾರ ನಾವು ದಾಳ ಹಾಕಿ ಆಡೋ ಕಥೆಯಾಟದಲ್ಲಿ ಕಥೆ ನಡೆಸೋ ಜಾಗಕ್ಕೆ ಭಾವ ಕೂತಿದ್ದಾರೆ. ಕೂರಲಿ. ಆದರೆ ನನ್ನ ಗುಬ್ಬಿ ಏನು ಪಾಪ ಮಾಡಿದ್ದಳು? ಆಟದಲ್ಲಿ ನಾಲ್ಕು ವರ್ಷದಿಂದ ನಾನು ಆಡಿಸಿಕೊಂಡು ಬಂದ ಕಳ್ಳಿಯ ಪಾತ್ರ ಅವಳು. ಓದು ಅರ್ಧಕ್ಕೆ ಬಿಟ್ಟ ನನಗೆ ಅವಳ ಬಲ ಬರೆದಿಡೋ ಹಾಳೆಯ ಒಂದೊಂದು ಅಂಕಿ ಕೂಡಿಸೋದನ್ನೂ ನೀನೇ ಕಲಿಸಿದ್ದು. ಈ ಸಲ ಅವಳು ಕೋಟೆಯೊಳಗೆ ನುಸುಳಿ, ಅಕ್ಕ ಆಡಿಸೋ ವೈದ್ಯೆಯನ್ನು ಸೆರೆಯಿಂದ ಬಿಡಿಸಬೇಕಿತ್ತು. ಬಾಗಿಲಲ್ಲಿ ಇಪ್ಪತ್ತು ಮುಖದ ದಾಳ ಹಾಕಿದೆ, ಒಳ್ಳೇ ಹದಿನೆಂಟು ಬಿತ್ತು. ನೀನಾಗಿದ್ದರೆ ಒಳಗೆ ಹೋಗಿ ಬರೋವರೆಗೂ ಅದೇ ಹದಿನೆಂಟು. ಭಾವ ಬಿಡಬೇಕಲ್ಲ. ಅಂಗಳಕ್ಕೊಂದು, ಮೆಟ್ಟಿಲಿಗೊಂದು, ಓಣಿಗೊಂದು, ಬೀಗದ ಹತ್ತಿರ ಇನ್ನೊಂದು. ಕಾವಲಿನವರು ಆರು ಜನ, ಅವಳನ್ನು ಗಮನಿಸಿದರಾ ಅಂತ ಆರು ಜನರಿಗೂ ಬೇರೆ ಬೇರೆ ದಾಳ. ಇಷ್ಟು ಸಲ ಹಾಕಿದರೆ ದೇವರ ಕೈಯಲ್ಲೂ ಒಂದು ಸಲ ಕೆಟ್ಟದ್ದೇ ಬೀಳುತ್ತೆ.

ಬೀಗಕ್ಕೆ ಮೊದಲು ಯಾರಾದರೂ ಅಡಗಿದ್ದಾರಾ ಅಂತ ಕೇಳಿದೆ. ಆ ದಾಳವನ್ನು ನಿನ್ನ ಮುಂದೆ ನಿಲ್ಲಿಸಿದ ರಟ್ಟಿನ ಮರೆಯಲ್ಲಿ ನೀನೇ ಹಾಕುತ್ತಿದ್ದೆ, ಎಷ್ಟು ಬಿತ್ತು ಅಂತ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಭಾವ ನನ್ನ ಕೈಲೇ ಹಾಕಿಸಿದರು. ಮೂರು. ಯಾರೂ ಕಾಣಿಸಲ್ಲ ಕಣಮ್ಮ ಅಂತ ಮೀಸೆಯಲ್ಲೇ ನಕ್ಕರು. ಬಿದ್ದದ್ದು ಬರೀ ಮೂರು ಅಂತ ಕಂಡ ಮೇಲೆ ಯಾರೋ ಇದ್ದಾರೆ ಅಂತ ನನಗೆ ಗೊತ್ತು, ಗುಬ್ಬಿಗೆ ಗೊತ್ತಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ನಾನೇ ಅವಳನ್ನು ಬಾವಿಗೆ ತಳ್ಳಿದ ಹಾಗಾಯಿತು. ನುಸುಳೋ ಐದನೇ ದಾಳ, ಬೀಗದ್ದು, ಎರಡು ಬಿತ್ತು, ಸಿಕ್ಕಿಬಿದ್ದಳು. ಬರೋ ಭಾನುವಾರ ಅವಳಿಗೆ ನೇಣಂತೆ.

ಅಕ್ಕ ಗಂಡನ ಪರ. "ಅಣ್ಣ ಇದ್ದಾಗ ನಿನ್ನ ಗುಬ್ಬಿಗೆ ರೆಕ್ಕೆ ಇತ್ತು, ಇನ್ನು ಕಾಲಲ್ಲಿ ನಡಿಯೋದು ಕಲೀಲಿ" ಅಂದಳು. ನನಗೆ ತಡೆಯಲಾಗಲಿಲ್ಲ. ಒಂದು ಸಲ ನುಸುಳಿದರೆ ಒಂದೇ ದಾಳ, ಅಣ್ಣನ ನೋಟ್‌ಬುಕ್ಕಲ್ಲಿ ಬರೆದಿದೆ ಅಂತ ಎಲ್ಲರೆದುರೂ ಅಂದುಬಿಟ್ಟೆ. "ಬರೆದಿದ್ದರೆ ತೋರಿಸು, ಬಿಟ್ಟುಬಿಡ್ತೀನಿ" ಅಂದರು ಭಾವ. ನೋಟ್‌ಬುಕ್ಕು ನೀನು ಜೊತೆಗೆ ಒಯ್ದ ಪೆಟ್ಟಿಗೆಯಲ್ಲಿ. ಆ ಪುಟವನ್ನು ಭಾನುವಾರದೊಳಗೆ ಕಳಿಸು.

ಹೊತ್ತುಹೊತ್ತಿಗೆ ಊಟ ಮಾಡು. ಅಕ್ಕ, ಭಾವ ಕೇಳಿದರು ಅಂತ ಬರೆಯಲು ಹೇಳಿದ್ದಾರೆ. ಬರೆದಿದ್ದೇನೆ.

ನಿನ್ನ ತಂಗಿ

ಮರೆತಿದ್ದೆ: ಅಂಗಡಿಯಲ್ಲಿ ಅಂಗಿಗೆ ಕಾಜಾ ಹೊಲಿಯುವಾಗ ನೆನಪಾಯಿತು. ಮೊದಲನೇ ವರ್ಷ ಗುಬ್ಬಿ ಒಮ್ಮೆ ಸಿಕ್ಕಿಬಿದ್ದಾಗ ನಾನು ಎದ್ದುಹೋಗಿ ಅಡುಗೆಮನೆಯಲ್ಲಿ ಅತ್ತಿದ್ದೆ. ಒಂದೇ ದಾಳ ಸಾಕು ಅಂತ ನೀನು ಅಂದದ್ದು ಅದರ ಮುಂದಿನ ವಾರವೇ ಅಲ್ಲವಾ? ಅದು ಎಲ್ಲರಿಗೂ ಅಂತ ಬರೆದದ್ದೋ, ನನಗೊಬ್ಬಳಿಗೆ ಅಂತ ಬಾಯಲ್ಲಿ ಹೇಳಿದ್ದೋ? ಬರೆದಿಲ್ಲದಿದ್ದರೆ ಈಗ ಸೇರಿಸಬೇಡ. ಆದರೆ ಅಣ್ಣಾ, ಆ ಪುಟ ಇನ್ನೊಂದು ಸಲ ನೋಡು.